ನೆಲದ ಉಸಿರು ನೋಡುವ ಬೈರಿಗೆಯಣ್ಣ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ದರ್ಜಿಯಮ್ಮನ ಹಿತ್ತಿಲಲ್ಲಿ, ಒದ್ದೆ ಮಣ್ಣಿನ ಮೇಲೆ, ಐವತ್ತೆಂಟರ ಗಂಡಸೊಬ್ಬರು ಬೋರಲು ಮಲಗಿದ್ದಾರೆ. ಮೂಗಿನ ಮುಂದೆ ನೆಲದಿಂದ ಗೇಣುದ್ದ ಎದ್ದ ಕಬ್ಬಿಣದ ಕೊಳವೆ. ಅದರ ಬಾಯಿಗೆ ದಾರ ಸುತ್ತಿ ಬಿಗಿದ ತೆಳು ಪ್ಲಾಸ್ಟಿಕ್ ಹಾಳೆ. ಗಾಳಿಯ ಸುಳಿವಿಲ್ಲ, ಒಂದೆಲೆಯೂ ಅಲ್ಲಾಡುತ್ತಿಲ್ಲ. ಹಾಳೆ ಮಾತ್ರ ಮೆಲ್ಲಗೆ ಒಳಕ್ಕೆ ಕುಸಿಯುತ್ತದೆ, ನಿಲ್ಲುತ್ತದೆ, ಮತ್ತೆ ಕುಸಿಯುತ್ತದೆ.

"ಎಳ್ಕೊಳ್ತಾ ಇದೆ," ಎನ್ನುತ್ತಾರೆ, ಪಕ್ಕದಲ್ಲಿ ಯಾರೋ ಮಲಗಿದ್ದಾರೇನೋ ಎಂಬಷ್ಟು ಸಣ್ಣ ದನಿಯಲ್ಲಿ.

ಕಸುಬಿನವರು ಇವರನ್ನು ಕರೆಯುವುದು ಬೈರಿಗೆಯಣ್ಣ ಎಂದೇ. ಇವರು ಕೊರೆಯುವುದು ನೀರಿಗಲ್ಲ, ಬಿಸಿಗೆ. ಹತ್ತು ಮೀಟರು ಇಳಿದರೆ ಚಳಿಗಾಲ, ಬೇಸಿಗೆ ಎಂಬ ಭೇದ ನೆಲಕ್ಕಿಲ್ಲ. ನೂರು ಮೀಟರಿನ ತೂತಿಗೆ ಕೊಳವೆ ಇಳಿಸಿ ನೀರು ಸುತ್ತಿಸಿದರೆ ಅದು ನೆಲದ ಬೆಚ್ಚನೆಯನ್ನು ಹೊತ್ತು ತರುತ್ತದೆ. ಮನೆಯೊಳಗಿನ ಯಂತ್ರ ಅದನ್ನು ಹಿಂಡಿ ಕೋಣೆಗಳಿಗೆ ಹಂಚುತ್ತದೆ. ಮಧ್ಯಮ ಮನೆಗೆ ಮೂರು ತೂತು ಬೇಕು. ತೂತಿಗೊಂದು ದಿನ. ಲಾರಿ ನುಗ್ಗಲು ಮೂರು ಮೀಟರಿನ ಗೇಟು ಇರಬೇಕು, ಹೂದೋಟದ ಆಸೆ ಬಿಡಬೇಕು. ಹಾಕಿದ ದುಡ್ಡು ಕೈಗೆ ಮರಳಲು ಹನ್ನೆರಡು ಹದಿಮೂರು ವರ್ಷ ಕಾಯಬೇಕು.

"ಖರ್ಚಲ್ಲಿ ಅರ್ಧಕ್ಕಿಂತ ಜಾಸ್ತಿ ಮಣ್ಣೊಳಗೇ ಹೋಗುತ್ತೆ. ಯಂತ್ರಕ್ಕೆ ಎಷ್ಟು ಕೇಳಿದ್ರೂ ಕೊಡ್ತಾರೆ. ಅದು ಹೊಳೆಯುತ್ತಲ್ಲ! ತೂತಿಗೆ ಕೇಳಿದ್ರೆ ಮುಖ ಗಂಟು ಹಾಕ್ಕೊಳ್ತಾರೆ," ಎಂದು ನಗುತ್ತಾರೆ.

ಈ ಹಾಳೆ ಕಟ್ಟುವ ಕೆಲಸ ಯಾವ ಕರಾರಿನಲ್ಲೂ ಇಲ್ಲ. ತೂತು ಕೊರೆದ ಮೇಲೆ ಒಂದು ಸಂಜೆ, ಒಂದು ಬೆಳಗ್ಗೆ ಕಾಯದೆ ಇವರು ಮುಂದಿನ ಕೆಲಸಕ್ಕೆ ಕೈ ಹಾಕುವುದಿಲ್ಲ. ಗುತ್ತಿಗೆದಾರ ಕಾದ ದಿನದ ಕೂಲಿ ಕತ್ತರಿಸುತ್ತಾನೆ. ಜೊತೆಯವರು ತಮಾಷೆ ಮಾಡುತ್ತಾರೆ. ಇವರು ಜಪ್ಪಯ್ಯ ಅಂದರೂ ಜಗ್ಗುವುದಿಲ್ಲ.

ಕಾರಣ, ಕೆಲಸ ಕಲಿಸಿದ ಸ್ವಂತ ಅಣ್ಣ. "ಅವತ್ತು ನಾವು ನೋಡಿದ್ದು ಬೆಳಗ್ಗೆ ಮಾತ್ರ. ನೆಲ ಉಸಿರು ಎಳ್ಕೊಳ್ತಾ ಇತ್ತು, ಏನೂ ತೊಂದ್ರೆ ಕಾಣ್ಲಿಲ್ಲ. ಸಂಜೆ ಮೋಡ ಕವೀತು. ಗಾಳಿ ಒತ್ತಡ ಇಳಿದ್ರೆ ಅದು ಉಸಿರು ಬಿಡುತ್ತೆ ಅಂತ ನಮಗೇನು ಗೊತ್ತು? ಅಣ್ಣ ಪೈಪ್ ಜೋಡ್ಸೋಕೆ ಗುಂಡಿಗಿಳಿದ. ಏನೋ ಹೇಳ್ತಾ ಇದ್ದ. ಮಾತು ಅರ್ಧಕ್ಕೇ ನಿಂತ್ಹೋಯ್ತು." ನೆಲದಡಿಯ ಪೊಳ್ಳಿನಲ್ಲಿ ಎಷ್ಟೋ ಕಾಲದಿಂದ ಸಿಕ್ಕಿಕೊಂಡ ಗಾಳಿ ಅದು. ವಾಸನೆಯಿಲ್ಲ, ಬಣ್ಣವಿಲ್ಲ, ಪ್ರಾಣವಾಯುವೂ ಇಲ್ಲ; ಭಾರ ಹೆಚ್ಚು, ತಗ್ಗಿನಲ್ಲೇ ಮಡುಗಟ್ಟುತ್ತದೆ.

ದರ್ಜಿಯಮ್ಮನ ಮೂರನೆಯ ತೂತಿನಲ್ಲಿ, ಅರವತ್ತೆಂಟು ಮೀಟರಿಗೆ, ಬೈರಿಗೆ ಇದ್ದಕ್ಕಿದ್ದಂತೆ ಒಂದು ಮೊಳ ಜಾರಿತಂತೆ. ಕೆಳಗೆ ಕಲ್ಲಿಲ್ಲ, ಮಣ್ಣಿಲ್ಲ, ಏನೂ ಇಲ್ಲ. ಅಲ್ಲಿಂದ ನಾಲ್ಕು ಹೆಜ್ಜೆಗೆ ನೆಲಮಾಳಿಗೆಯ ಗೋಡೆ. ಕೊಳವೆ ಒಳಗೆ ತರಲೆಂದು ಅದನ್ನು ಆಗಲೇ ಒಡೆದು, ಕೊಳವೆಬಾಯಿಯ ತನಕ ಕಾಲುವೆಯನ್ನೂ ತೋಡಿದ್ದಾರೆ. ಒಳಗೆ ದರ್ಜಿಯಮ್ಮನ ಹೊಲಿಗೆ ಕೋಣೆ.

ಗುತ್ತಿಗೆದಾರನದು ಫೋನಿನಲ್ಲಿ ಒಂದೇ ಮಾತು: "ಪೈಪ್ ಇಳ್ಸಿ ಮುಚ್ಚಳ ಹಾಕಿ ಬಾ." ಇವರದೂ ಒಂದೇ ಮಾತು: ಈ ತೂತು ಪೂರ್ತಿ ತುಂಬಿ ಮುಚ್ಚಬೇಕು, ಮನೆಯ ಆಚೆ ಬದಿಯಲ್ಲಿ ಹೊಸದು ಕೊರೆಯಬೇಕು. ದರ್ಜಿಯಮ್ಮ ಸೂಜಿಯನ್ನು ಸೆರಗಿಗೆ ಚುಚ್ಚಿ ಎದ್ದು ನಿಲ್ಲುತ್ತಾರೆ.

"ಸಾಲ ಮಾಡಿ ಮೂರಕ್ಕೆ ಕೊಟ್ಟಿದ್ದೀನಿ. ಈಗ ನಾಲ್ಕನೇದಾ? ಕಾಸು ಕೀಳೋದಕ್ಕೆ ಇದೊಂದು ಹೊಸ ಆಟವಾ ಅಣ್ಣಾ?"

"ಸಂಜೆ ತನಕ ಕಾದು ನೋಡಿ ತಾಯಿ. ಮೋಡ ಬರ್ತಾ ಇದೆ."

ಸಂಜೆ ಮೋಡ ಇಳಿಯುತ್ತದೆ. ಕೊಳವೆಯ ಹಾಳೆ ಈಗ ಹೊರಕ್ಕೆ ಉಬ್ಬಿದೆ, ಯಾರೋ ಒಳಗಿನಿಂದ ಮುಖವೊತ್ತಿ ನಿಂತಂತೆ. ಬೈರಿಗೆಯಣ್ಣ ದಾರ ಬಿಚ್ಚುತ್ತಾರೆ, ಎಲ್ಲರನ್ನೂ ನೆಲಮಾಳಿಗೆಯ ಮೆಟ್ಟಿಲ ತಲೆಯಲ್ಲೇ ನಿಲ್ಲಿಸುತ್ತಾರೆ. ಗಾಳಿ ಕಾಲುವೆಯ ಮೂಲಕ ಒಳಗಿಳಿಯಲು ಗಳಿಗೆ ಬಿಟ್ಟು, ಉರಿಯುವ ಲಾಂದ್ರವೊಂದನ್ನು ಹಗ್ಗಕ್ಕೆ ಕಟ್ಟಿ ಕೆಳಕ್ಕೆ ಇಳಿಬಿಡುತ್ತಾರೆ. ಮೇಜಿನೆತ್ತರದಲ್ಲಿ ಲಾಂದ್ರ ಚೆನ್ನಾಗಿಯೇ ಉರಿಯುತ್ತದೆ. ಮೊಣಕಾಲೆತ್ತರಕ್ಕೆ ಬಂದಾಗ ಜ್ವಾಲೆ ಮಂಕಾಗುತ್ತದೆ. ನೆಲ ಮುಟ್ಟುವಷ್ಟರಲ್ಲಿ ಸದ್ದಿಲ್ಲದೆ ಆರಿಹೋಗುತ್ತದೆ. ಮತ್ತೆ ಹಚ್ಚಿ ಇಳಿಸುತ್ತಾರೆ. ಮತ್ತೆ ಅದೇ ಎತ್ತರದಲ್ಲಿ ಅದೇ ಮಂಕು.

ದರ್ಜಿಯಮ್ಮ ಲಾಂದ್ರ ನೋಡುತ್ತಿಲ್ಲ. ಅವರು ನೋಡುತ್ತಿರುವುದು ಮೇಜಿನ ಅಡಿಯನ್ನು. ಅಲ್ಲಿ ತುಂಡು ಬಟ್ಟೆಗಳ ಗುಡ್ಡೆಯೊಂದಿದೆ, ನಡುವೆ ಪುಟ್ಟ ತಗ್ಗು. ಅಮ್ಮ ಹೊಲಿಯುವಾಗ ಐದು ವರ್ಷದ ಮಗಳು ದಿನವೂ ಮಲಗುವ ಜಾಗ ಅದು. ಪಕ್ಕದಲ್ಲೇ ನಿಂತ ಮಗಳ ಭುಜ ಹಿಡಿದು ಹತ್ತಿರಕ್ಕೆ ಎಳೆದುಕೊಳ್ಳುತ್ತಾರೆ.

"ಮುಚ್ಚಿಬಿಡಿ ಅಣ್ಣಾ," ಎನ್ನುತ್ತಾರೆ. "ಎಷ್ಟಾದ್ರೂ ಆಗ್ಲಿ."

ಅಂದೇ ಕೊಳವೆಬಾಯಿ ಬಿಗಿಯುತ್ತಾರೆ, ಗೋಡೆಯ ತೂತಿಗೆ ಗಾರೆ ಮೆತ್ತುತ್ತಾರೆ. ಮರುದಿನ ಸಿಮೆಂಟು, ಜೇಡಿಮಣ್ಣು ಕಲಸಿದ ರಾಡಿ ಸುರಿಯುವ ಕೆಲಸ. ಹನ್ನೊಂದು ಮೂಟೆ ಸಾಕಾಗಬೇಕಿತ್ತು. ಇಪ್ಪತ್ತಾದರೂ ಮಟ್ಟ ಏರುವುದಿಲ್ಲ, ಬಿದ್ದ ಸದ್ದೂ ಕೇಳುವುದಿಲ್ಲ. ನಲವತ್ತೊಂದನೆಯ ಮೂಟೆಗೆ ತೂತು ತುಂಬುತ್ತದೆ. ಹೆಚ್ಚುವರಿ ಮೂಟೆಗಳ ದುಡ್ಡನ್ನು ಗುತ್ತಿಗೆದಾರ ಇವರ ಕೂಲಿಯಲ್ಲಿ ಮುರಿದುಕೊಂಡಿದ್ದಾನೆ. ಅದನ್ನು ಇವರು ದರ್ಜಿಯಮ್ಮನಿಗೆ ಹೇಳಿಲ್ಲ.

ಹುಡುಗಿ ಬಂದು ಹಸಿ ಸಿಮೆಂಟಿನ ಪಕ್ಕ ಕುಕ್ಕರುಗಾಲಲ್ಲಿ ಕೂರುತ್ತಾಳೆ. "ಅದು ಸತ್ಹೋಯ್ತಾ ಮಾಮ?"

"ಇಲ್ಲ ಪುಟ್ಟಿ. ಬಾಯಿ ಮುಚ್ಚಿದ್ದೀವಿ, ಅಷ್ಟೇ."

ಇಷ್ಟು ವರ್ಷದ ದುಡಿಮೆಯಲ್ಲಿ ಏನು ಸಿಕ್ಕಿತು ಎಂದು ಕೇಳಿದರೆ ಬೈರಿಗೆಯಣ್ಣ ಕೈಯ ರಾಡಿ ಒರೆಸಿಕೊಳ್ಳುತ್ತಾರೆ.

"ಇನ್ನೂರ ಹನ್ನೆರಡು ಮನೆಗೆ ಕೊರ್ದಿದ್ದೀನಿ. ಯಾರಿಗೂ ನನ್ನ ಮುಖ ನೆನಪಿರಲ್ಲ, ಬೇಡ ಬಿಡಿ. ಆದ್ರೆ ಬೆಳಗಾದ್ರೆ ಅಷ್ಟೂ ಮನೇಲಿ ಎಲ್ಲರೂ ಏಳ್ತಾರೆ."