ಸಾವುಕಾರನಿಗೆ ನಾವೇ ಮಾಡಿಕೊಟ್ಟ ಕಣ

ನಮ್ಮ ಫುಟ್‌ಬಾಲ್ ಕ್ಲಬ್ಬಿನ ಸ್ಮರಣ ಸಂಚಿಕೆಯ ಮೊದಲ ಪುಟದಲ್ಲಿ ಒಂದು ಸಾಲಿದೆ: ‘ಕ್ಲಬ್ಬಿನ ಮೊದಲ ಮೈದಾನವು ಅಂದಿನ ಅಧ್ಯಕ್ಷರ ಉದಾರ ಕೊಡುಗೆಯಾಗಿತ್ತು.’ ಇದು ಶುದ್ಧ ಸುಳ್ಳು. ಇಷ್ಟು ಖಚಿತವಾಗಿ ಹೇಳಲು ಕಾರಣ, ಆ ಸಾಲು ಬರೆದವನು ನಾನೇ. ಎಪ್ಪತ್ತರ ದಶಕದ ನಡುವಿನಲ್ಲಿ ನಾನು ರಾಯಚೂರಿನ ಒಂದು ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದೆ, ಸಂಜೆ ಹೊತ್ತು ಕ್ಲಬ್ಬಿನ ರೈಟ್ ಬ್ಯಾಕ್ ಮತ್ತು ಕಾರ್ಯದರ್ಶಿ. ಟೈಪ್ ಮಾಡಲು ಬರುತ್ತದೆ ಎಂಬ ಒಂದೇ ಅರ್ಹತೆಯ ಮೇಲೆ ನನ್ನನ್ನು ಕಾರ್ಯದರ್ಶಿ ಮಾಡಿದ್ದರು. ರೈಟ್ ಬ್ಯಾಕ್ ಮಾಡಲು ಅಷ್ಟೂ ಕಾರಣ ಇರಲಿಲ್ಲ.

ಆ ಮೈದಾನವನ್ನು ನಮಗೆ ಯಾರೂ ಕೊಟ್ಟಿದ್ದಲ್ಲ. ಅಕ್ಕಿ ಗಿರಣಿಗಳ ಹಿಂದೆ ಕೇಳುವವರಿಲ್ಲದೆ ಬಿದ್ದಿದ್ದ ಸರ್ಕಾರಿ ಗೈರಾಣ ಅದು, ಜಾಲಿ ಬೆಳೆದ ಎರೆಭೂಮಿ. ಮಳೆ ಬಂದರೆ ಒಂದೊಂದು ಕಾಲಿಗೆ ಎರಡೆರಡು ಸೇರು ಮಣ್ಣು ಅಂಟುತ್ತಿತ್ತು. ಬೇಸಿಗೆಯಲ್ಲಿ ಪಾದ ಇಳಿಯುವಷ್ಟು ಅಗಲದ ಬಿರುಕು. ಅದರಲ್ಲಿ ಕಾಲು ಸಿಕ್ಕಿಸಿಕೊಂಡು ಉಳುಕಿಸಿಕೊಳ್ಳದವರು ನಮ್ಮ ತಂಡದಲ್ಲಿ ಯಾರೂ ಇರಲಿಲ್ಲ. ಹೊರಗಿನವರನ್ನು ಅಲ್ಲಿಗೆ ಕರೆಯುವುದು ದೂರದ ಮಾತು. ನಾವೇ ಬಸ್ಸು ಹತ್ತಿ ಮಾನ್ವಿಗೋ ದೇವದುರ್ಗಕ್ಕೋ ಹೋಗಿ, ಆಡಿ, ಸೋತು, ಅವರು ಬಡಿಸಿದ್ದನ್ನು ಉಂಡು ಬರುತ್ತಿದ್ದೆವು. ದೇವದುರ್ಗದವರು ಬಡಿಸುತ್ತಲೇ ಕೇಳುತ್ತಿದ್ದರು: ‘ಅಷ್ಟು ದೊಡ್ಡ ಊರಾಗ ಇದ್ದು ನಿಮಗೊಂದು ಬಯಲಿಲ್ಲೇನ್ರಿ? ನಮ್ಮನ್ನ ಯಾವಾಗ ಕರೀತೀರಿ?’ ನಾವು ಮಾನಗೆಟ್ಟವರು, ಹಲ್ಲು ಕಿಸಿದು ಇನ್ನೊಂದು ರೊಟ್ಟಿ ಹಾಕಿಸಿಕೊಳ್ಳುತ್ತಿದ್ದೆವು. ಕ್ಯಾಪ್ಟನ್ ಮಾತ್ರ ಅರ್ಧ ಊಟಕ್ಕೇ ಕೈ ತೊಳೆದು ಎದ್ದುಬಿಡುತ್ತಿದ್ದ.

ಅವನಿಗೆ ಮಾರ್ಕೆಟ್ಟಿನ ಬಳಿ ಸೈಕಲ್ ರಿಪೇರಿ ಅಂಗಡಿ. ಮನೆಯಲ್ಲಿ ದಖ್ಖನಿ, ನಮ್ಮ ಜೊತೆ ಕನ್ನಡ. ನಾವೆಲ್ಲ ಅವನನ್ನು ಭಾಯ್ ಅನ್ನುತ್ತಿದ್ದೆವು. ವಯಸ್ಸು ನಲವತ್ತರ ಹತ್ತಿರ ಬಂದಿತ್ತು. ಒಂದು ಸಲ, ಒಂದೇ ಒಂದು ಸಲ ದೇವದುರ್ಗದವರನ್ನು ನಮ್ಮ ನೆಲಕ್ಕೆ ಕರೆದು, ಆಡಿ, ಉಣ್ಣಿಸಿ ಕಳಿಸಬೇಕು, ಆಮೇಲೆ ಆಟ ಬಿಟ್ಟರೂ ಚಿಂತೆಯಿಲ್ಲ ಎನ್ನುತ್ತಿದ್ದ. ಗೆಲ್ಲುವ ಮಾತು ಆಡುತ್ತಿರಲಿಲ್ಲ. ನಮ್ಮ ಆಟ ನೋಡಿದವನಲ್ಲವೇ.

ದಾರಿ ತೋರಿಸಿದವನು ಕಲ್ಲೂರಿನಿಂದ ಬಂದು ಹಮಾಲಿ ಮಾಡುತ್ತಿದ್ದ ನಮ್ಮ ಸೆಂಟರ್ ಹಾಫ್. ‘ಕಣ ಮಾಡಿದಂಗ ಮಾಡೋಣ ಭಾಯ್. ಎರಿ ಹೊಲದಾಗ ಕಣ ಮಾಡಂಗಿಲ್ಲೇನು? ಕೆತ್ತಿ, ನೀರು ಹೊಡದು, ಹೊಟ್ಟು ಹಾಕಿ, ಎತ್ತು ತುಳಿಸಿ, ಕಲ್ಲಿನ ಗುಂಡು ಉರುಳಿಸಿದ್ರ ಬಿರುಕು ಎಲ್ಲಿರ್ತದ?’ ಎಂದ. ತಂಡದ ಅರ್ಧ ಮಂದಿ ಕಲ್ಲೂರು, ಕುರ್ಡಿ, ಸಿರವಾರ ಕಡೆಯ ಒಕ್ಕಲುತನದ ಮನೆಯವರು. ಫುಟ್‌ಬಾಲ್ ಮೈದಾನ ಹೇಗಿರಬೇಕೆಂದು ನಮಗೆ ತಿಳಿಯದು, ರಾಶಿ ಮಾಡುವ ಕಣ ಹೇಗಿರಬೇಕೆಂದು ಎಲ್ಲರಿಗೂ ಗೊತ್ತು. ಆ ಬೇಸಿಗೆಯ ಭಾನುವಾರಗಳೆಲ್ಲ ಅದಕ್ಕೇ ಹೋದವು. ಜಾಲಿ ಕಡಿದೆವು, ಮೊರಂ ಮಣ್ಣು ಹಾಕಿದೆವು, ಬಾಡಿಗೆ ಎತ್ತು ತಂದು ತುಳಿಸಿದೆವು. ಭಾಯ್ ಭಾನುವಾರ ಅಂಗಡಿಯ ಬಾಗಿಲೇ ತೆಗೆಯಲಿಲ್ಲ. ಎರಡು ಗೋಲುಗಳ ಮುಂದೆ ಸಗಣಿ ಹಾಕಿ ಸಾರಿಸಿದೆವು ಕೂಡ. ಇಡೀ ಮೈದಾನಕ್ಕೆ ಸಾರಿಸದೆ ಬಿಟ್ಟದ್ದು ಸಗಣಿ ಸಾಲದ್ದಕ್ಕೆ, ಬುದ್ಧಿ ಬಂದದ್ದಕ್ಕಲ್ಲ.

ಕಣ ಅಂದಮೇಲೆ ಕಣದ ಶಾಸ್ತ್ರವೂ ಬಂತು. ಗೋಲ್‌ಕಂಬಕ್ಕೆ ಕುಂಕುಮ ಹಚ್ಚಿದರು. ಚಪ್ಪಲಿ ಗೆರೆಯ ಹೊರಗೇ ಬಿಡಬೇಕೆಂದು ತೀರ್ಮಾನವಾಯಿತು. ಊರಲ್ಲಿ ಬೂಟು ಹಾಕಿ ಆಡುತ್ತಿದ್ದವನು ಭಾಯ್ ಒಬ್ಬನೇ. ಅವನೂ ಆಟ ಮುಗಿದ ಕೂಡಲೇ ಬೂಟು ಬಿಚ್ಚಿ ಕೈಯಲ್ಲಿ ಹಿಡಿದು ನಡೆಯತೊಡಗಿದ.

ಹೊಟ್ಟು ಕೊಟ್ಟವನು ಪಕ್ಕದ ಗಿರಣಿಯ ಸಾವುಕಾರ. ಕೊಟ್ಟ ಎನ್ನುವುದೂ ದೊಡ್ಡ ಮಾತು. ಹಿತ್ತಲಲ್ಲಿ ಗುಡ್ಡ ಬಿದ್ದಿದ್ದ ಹೊಟ್ಟನ್ನು ನಾವು ಹೊತ್ತುಕೊಂಡು ಹೋದದ್ದರಿಂದ ಅವನ ಹಿತ್ತಲು ಖಾಲಿಯಾಯಿತು. ಈ ಮಹಾ ತ್ಯಾಗಕ್ಕೆ ಅವನನ್ನು ಅಧ್ಯಕ್ಷ ಮಾಡೋಣ ಎಂಬ ಜಾಣತನ ನನ್ನದು. ‘ತಮ್ಮಂಥ ಕ್ರೀಡಾಭಿಮಾನಿಗಳು’ ಎಂದು ಪತ್ರ ಟೈಪ್ ಮಾಡಿ ಒಯ್ದು ಕೊಟ್ಟೆ. ಚೆಂಡು ಗಾಳಿಯಿಂದ ತುಂಬಿರುತ್ತದೋ ಹತ್ತಿಯಿಂದಲೋ ಅವನಿಗೆ ತಿಳಿದಿತ್ತೆಂದು ನನಗೆ ಇವತ್ತಿಗೂ ನಂಬಿಕೆಯಿಲ್ಲ.

ಉದ್ಘಾಟನೆಯ ದಿನ ಸಾವುಕಾರ ಹಾರ ಹಾಕಿಸಿಕೊಂಡು ಮೈದಾನದ ನಡುವೆ ನಿಂತ. ಚೆಂಡಿನ ಕಡೆ ನೋಡಲಿಲ್ಲ. ಹೆಬ್ಬೆರಳಿನಿಂದ ನೆಲ ಕೆರೆದು ಕೇಳಿದ: ‘ಮಣ್ಣು ಏಳಂಗಿಲ್ಲಲ್ಲ?’

‘ಒಂದು ಹಳಕು ಮಣ್ಣೂ ಏಳಂಗಿಲ್ರಿ ಸಾವ್ಕಾರ್ರ!’ ಎಂದೆವು ಎಲ್ಲರೂ, ಕೋಲೆ ಬಸವನ ಹಾಗೆ ತಲೆಯಾಡಿಸುತ್ತ.

ಸುಗ್ಗಿ ಬಂತು. ಕಾಲುವೆ ನೀರು ಬಂದ ಮೇಲೆ ಮಾನ್ವಿ, ಸಿರವಾರದ ಕಡೆಯಿಂದ ಭತ್ತ ಬಂಡಿಗಟ್ಟಲೆ ಬರುತ್ತಿದ್ದ ಕಾಲ ಅದು, ಗಿರಣಿಗಳ ಅಂಗಳ ಸಾಲುತ್ತಿರಲಿಲ್ಲ. ಆ ಸುಗ್ಗಿಯ ಒಂದು ಭಾನುವಾರಕ್ಕೆ ಭಾಯ್ ದೇವದುರ್ಗದವರನ್ನು ಕರೆದಿದ್ದ. ಅವನ ಮನೆಯಲ್ಲಿ ಮುಂಜಾನೆಯಿಂದಲೇ ಎರಡೂ ತಂಡಕ್ಕೆ ಅಡಿಗೆ ನಡೆದಿತ್ತು. ಅತಿಥಿಗಳನ್ನು ಬಸ್‌ಸ್ಟ್ಯಾಂಡಿನಿಂದ ಕರೆದುಕೊಂಡು ಬಂದು ನೋಡಿದರೆ, ಒಂದು ಗೋಲಿನಿಂದ ಇನ್ನೊಂದು ಗೋಲಿನವರೆಗೆ ಹಸಿ ಭತ್ತ ಹರವಿದೆ. ಸಾರಿಸಿದ ಜಾಗದಲ್ಲಿ ಇನ್ನೂ ಚೊಕ್ಕವಾಗಿ ಹರವಿದ್ದರು.

ಸಾವುಕಾರ ಗಿರಣಿಯ ಕಟ್ಟೆಯ ಮೇಲೆ ಕೂತಿದ್ದ. ಭಾಯ್ ಹೋಗಿ ಕೈಮುಗಿದ: ‘ಸಾವ್ಕಾರ್ರ, ಇವತ್ತು ಮ್ಯಾಚ್ ಅದ್ರಿ. ದೇವದುರ್ಗದಿಂದ ಮಂದಿ ಬಂದಾರ. ಒಂದ್ ಹೊತ್ತಿನ ಮಟ್ಟಿಗೆ ತೆಗಸ್ರಿ.’

‘ಎರಡು ದಿನ ಒಣಗಲಿ ಅಂತ ಹಾಕಿಸೀನಿ ತಮ್ಮಾ. ನೀವು ಆಡ್ರಿ, ಯಾರು ಬ್ಯಾಡ ಅಂದಾರ? ಅನ್ನದ ಮ್ಯಾಲ ಕಾಲಿಡಾಕ ನಿಮಗ ಮನಸು ಬಂದ್ರ ಧಾರಾಳ ಆಡ್ರಿ.’

ಅವನು ಕಾವಲಿಗೆ ಒಬ್ಬ ಆಳನ್ನೂ ಇಟ್ಟಿರಲಿಲ್ಲ. ಇಡುವ ಅಗತ್ಯವೂ ಇರಲಿಲ್ಲ. ಭಾಯ್‌ನ ಹೊರತು ಹತ್ತು ಮಂದಿ ಗಂಡಸರು ಗೆರೆಯ ಹೊರಗೆ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನಿಂತೆವು. ಬಲಭಾಗದಲ್ಲಿ ನಾನು ನಿಲ್ಲಬೇಕಾದ ಜಾಗದ ಮೇಲೂ ಭತ್ತವಿತ್ತು. ಸೆಂಟರ್ ಹಾಫ್ ರಾಶಿಗೆ ಕೈಮುಗಿದೇ ಬಿಟ್ಟ, ಅಡ್ನಾಡಿ. ನಾನೂ ಮುಗಿದೆ. ದೇವದುರ್ಗದವರೂ ನಮ್ಮಂಥವರೇ, ಅವರೂ ಗೆರೆ ದಾಟಲಿಲ್ಲ. ಅವರ ಗೋಲ್‌ಕೀಪರ್ ನೆಲ ನೋಡಿ, ‘ಕಣ ಭಾಳ ಚಲೋ ಮಾಡೀರಿ ಬಿಡ್ರಿ’ ಎಂದ. ಅವನು ಕುಹಕವಾಡಲಿಲ್ಲ, ಮನಸಾರೆ ಹೊಗಳಿದ. ಅದಕ್ಕೇ ನನ್ನ ಮೈ ಉರಿಯಿತು.

ಭಾಯ್ ಬೂಟು ಹಾಕಿಕೊಂಡೇ ಇದ್ದ. ಒಂದು ಕಾಲೆತ್ತಿದ. ಅವನೊಂದು ಹೆಜ್ಜೆ ಇಟ್ಟಿದ್ದರೆ ನಾವು ಹಿಂದೆ ಹೋಗುತ್ತಿದ್ದೆವೋ ಏನೋ. ಹೋಗುತ್ತಿರಲಿಲ್ಲ, ಅವನ ಮೇಲೆಯೇ ಬಾಯಿ ಮಾಡುತ್ತಿದ್ದೆವು ಎಂದು ಈಗ ಅನಿಸುತ್ತದೆ. ಅವನಿಗೂ ಹಾಗೇ ಅನಿಸಿರಬೇಕು. ಕಾಲನ್ನು ಹಿಂದಕ್ಕೆ ಇಟ್ಟ. ಗೆರೆಯ ಈಚೆ ಚೆಲ್ಲಿ ಬೂಟಿನ ತಳಕ್ಕೆ ಅಂಟಿದ್ದ ನಾಲ್ಕು ಕಾಳು ಬಿಡಿಸಿ ರಾಶಿಗೆ ಹಾಕಿ, ‘ಬರ್ರಿ, ಊಟ ಆರ್ತದ’ ಎಂದು ಎಲ್ಲರನ್ನೂ ಮನೆಗೆ ಕರೆದುಕೊಂಡು ಹೋದ. ಆಟವಿಲ್ಲದೆ ಊಟ ಮಾಡಿದೆವು. ಅವನು ಬಡಿಸುತ್ತಿದ್ದ, ಯಾರ ಮುಖವನ್ನೂ ನೋಡಲಿಲ್ಲ.

ಎರಡು ದಿನ ಎರಡು ಸುಗ್ಗಿಯಾಯಿತು, ಆಮೇಲೆ ತಂತಿ ಬೇಲಿ ಬಂತು, ಆಮೇಲೆ ಗೋಡೆ. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಸೇರಿಕೊಂಡಿತು ಅನ್ನುತ್ತಾರೆ. ನಮ್ಮ ಹಾವಿಗೆ ನಾವು ಹಾರವನ್ನೂ ಹಾಕಿದ್ದೆವು. ಸ್ಮರಣ ಸಂಚಿಕೆ ತರುವ ಹೊತ್ತಿಗೆ ಸಾವುಕಾರನ ಫೋಟೊ ಮೊದಲ ಪುಟದಲ್ಲಿ ಬರಲೇಬೇಕೆಂದು ಕ್ಲಬ್ಬಿನವರು ಅಂದರು. ಫೋಟೊದ ಜೊತೆ ಏನಾದರೂ ಬರೆಯಬೇಕಲ್ಲ, ಬರೆದೆ.

ಎಂಬತ್ತರ ಹೊತ್ತಿಗೆ ಮಾನ್ವಿ ರಸ್ತೆಯ ಕಡೆ ನಮಗೆ ಇನ್ನೊಂದು ಜಾಗ ಸಿಕ್ಕಿತು. ಬರೀ ಕಲ್ಲು. ಮೊದಲ ದಿನವೇ ಸೆಂಟರ್ ಹಾಫ್ ಗುದ್ದಲಿ ಹೆಗಲ ಮೇಲಿಟ್ಟುಕೊಂಡು ಬಂದ: ‘ಭಾಯ್, ಒಂದು ಬ್ಯಾಸಗಿ ಸಾಕು. ಕಣ ಇದ್ದಂಗ ಮಾಡಿಬಿಡೋಣ.’

ಭಾಯ್ ಬೂಟಿನ ದಾರ ಕಟ್ಟುತ್ತಿದ್ದವನು ತಲೆಯೆತ್ತಲಿಲ್ಲ. ‘ಬ್ಯಾಡಪ್ಪ. ಕಲ್ಲು ಹಂಗ ಇರ್ಲಿ. ನುಣ್ಣಗ ಮಾಡಿದ್ರ ಇದನ್ನೂ ಉಳಸಂಗಿಲ್ಲ’ ಎಂದ.

ಅಲ್ಲೇ ವರ್ಷಗಟ್ಟಲೆ ಆಡಿದೆವು, ಮೊಣಕಾಲು ಕಿತ್ತುಕೊಂಡು. ಯಾರೂ ಆ ಜಾಗ ಕೇಳಿಕೊಂಡು ಬರಲಿಲ್ಲ. ದೇವದುರ್ಗದವರನ್ನು ಅಲ್ಲಿಗೆ ಕರೆಯುವ ಹಾಗೂ ಇರಲಿಲ್ಲ.