ಎಡಗಡೆಯೋ ಬಲಗಡೆಯೋ

ಹೊಲಿಗೆ ಯಂತ್ರಕ್ಕೆ ದಾರ ಪೋಣಿಸುವ ಮೊದಲು ಟೈಲರಕ್ಕ ಕಿಟಕಿಯ ಗಾಜಿಗೆ ಹತ್ತಿದ ಉಪ್ಪನ್ನು ಒರೆಸುತ್ತಾಳೆ, ಕೈಮುಗಿಯುತ್ತಾಳೆ, ಆಮೇಲೆ ದುರ್ಬೀನು ಹಿಡಿದು ಕೊಲ್ಲಿಯನ್ನು ನೋಡುತ್ತಾಳೆ. ಜ್ವರ ಬಂದ ದಿನವೂ ಇದು ತಪ್ಪಿದ್ದಿಲ್ಲ. ಆ ಕಡಲಿನ ಡಾಲ್ಫಿನ್, ತಿಮಿಂಗಿಲಗಳ ಮೇಲೆ ಕಣ್ಣಿಟ್ಟು ಕಾಯುವ ಸ್ವಯಂಸೇವಕರ ಬಳಗದಲ್ಲಿ ಅವಳೂ ಒಬ್ಬಳು. ನೀರಿನ ಮೇಲೆ ಕಂಡ ಬೆನ್ನುರೆಕ್ಕೆಯ ಫೋಟೊ ತೆಗೆದು ಕಳಿಸಿದರೆ, ಅದರ ಗಾಯ, ಕಚ್ಚುಗಳಿಂದಲೇ ಯಾವುದು ಯಾವುದೆಂದು ಬಳಗದವರು ಗುರುತು ಹಿಡಿಯುತ್ತಾರೆ.

ಅವಳು ತೀರ ಹಚ್ಚಿಕೊಂಡ ಡಾಲ್ಫಿನ್ ಒಂದಿತ್ತು. ರೆಕ್ಕೆಯ ಬುಡದಲ್ಲಿ ಕಚ್ಚಾ ಹೊಲಿಗೆ ಹಾಕಿದಂಥ ಗಾಯದ ಗುರುತು. ಅದಕ್ಕೇ 'ಹೊಲಿಗೆ' ಎಂದು ಹೆಸರಿಟ್ಟಿದ್ದಳು. ಈ ಸಲ ಅದರ ಮಗ್ಗುಲಲ್ಲಿ ಹಾಲು ಕುಡಿಯುವ ಮರಿಯೂ ಇತ್ತು.

ಮೊನ್ನೆ ಆಚೆ ದಡಕ್ಕೆ ಒಂದು ಹೆಣ್ಣು ಡಾಲ್ಫಿನ್ ಸತ್ತು ಬಂದು ಬಿತ್ತು. ಬಳಗ ನೋಡಿಕೊಳ್ಳುವ ಮೇಷ್ಟ್ರು ಫೋನ್ ಮಾಡಿದರು.

"ಅಕ್ಕಾ, ಇದಕ್ಕೂ ಹೊಲಿಗೆ ಥರದ ಗಾಯ ಇದೆ. ಬಲಗಡೆ ಮಾತ್ರ, ಎಡಗಡೆ ನುಣ್ಣಗಿದೆ. ನಿಮ್ಮದು ಯಾವ ಕಡೆ?"

"ಫೋಟೊದಲ್ಲಿ ಬಲಗಡೆನೇ ಮೇಷ್ಟ್ರೇ," ಎಂದವಳು ತಟ್ಟನೆ ನಾಲಗೆ ಕಚ್ಚಿಕೊಂಡಳು.

ಒಂದೇ ಕಾಗದದ ಅಳತೆಯನ್ನು ಮಗುಚಿ ಹಾಕಿ ಎಡತೋಳು, ಬಲತೋಳು ಎರಡನ್ನೂ ಕತ್ತರಿಸುವ ಕೈ ಅವಳದು. ಹೋಲಿಸಿ ನೋಡಲು ಸುಲಭವಾಗಲೆಂದು ಫೋನಿನಲ್ಲಿದ್ದ ರೆಕ್ಕೆಗಳನ್ನೂ ಹಾಗೇ ಮಗುಚಿ, ಎಲ್ಲವೂ ಒಂದೇ ದಿಕ್ಕಿಗೆ ಮುಖ ಮಾಡುವಂತೆ ಜೋಡಿಸಿದ್ದಳು. ಬಳಗಕ್ಕೆ ಹೋದದ್ದೂ ಅವೇ, ಮೊದಲಿನವು ಉಳಿದಿರಲಿಲ್ಲ. 'ಹೊಲಿಗೆ'ಯ ಫೋಟೊವನ್ನು ಮಗುಚಿದ್ದಳೋ ಇಲ್ಲವೋ? ಗಾಯ ಕಂಡಾಗ ಅದು ಬಂದರಿನ ಕಡೆ ಹೊರಟಿತ್ತು, ಅಂದರೆ ತನಗೆ ಕಂಡದ್ದು ಬಲಮಗ್ಗುಲು ಎನ್ನಿಸುತ್ತಿತ್ತು. ಮರುಗಳಿಗೆಗೆ, ಅಲ್ಲ, ಬಂಡೆಯ ಕಡೆಗೆ, ಕಂಡದ್ದು ಎಡಮಗ್ಗುಲು ಎನ್ನಿಸುತ್ತಿತ್ತು.

"ಗೊತ್ತಿಲ್ಲ ಮೇಷ್ಟ್ರೇ. ಗೊತ್ತಿಲ್ಲ ಅಂತಲೇ ಇಟ್ಕೊಳ್ಳಿ."

ಅಂದಿನಿಂದ ಕೊಲ್ಲಿಗೆ ಮಂಜು ಕವಿದಿತ್ತು. ಒಮ್ಮೆ ದೂರದಲ್ಲಿ ದೊಡ್ಡದೊಂದು, ಚಿಕ್ಕದೊಂದು ರೆಕ್ಕೆ ಕಂಡಂತಾಯಿತು. ಅಲೆಯೂ ಇರಬಹುದು. ದೇವರ ಮುಂದೆ ನಿಂತರೂ ಏನೆಂದು ಬೇಡಿಕೊಳ್ಳಬೇಕೋ ತಿಳಿಯದು. ಸತ್ತದ್ದು ಇನ್ನೊಂದಾಗಿರಲಿ ಎಂದರೆ, ಆ ಇನ್ನೊಂದಕ್ಕೂ ಮರಿಯಿದ್ದಿದ್ದರೆ?

ಸಂಜೆ ಅವಳ ಭಾವ, ಒಡಹುಟ್ಟಿದ ಅಕ್ಕನ ಗಂಡ, ಅವಳೇ ಹೊಲಿದುಕೊಟ್ಟ ಹೊಸ ಶರ್ಟು ತೊಟ್ಟುಕೊಂಡೇ ಒಳಗೆ ಬಂದ.

"ಏನಮ್ಮಾ, ಜೇಬು ಬಲಗಡೆ ಹೊಲಿದಿದ್ದೀಯಲ್ಲ? ನನ್ನ ಎದೆನೇ ಮಗುಚಿಬಿಟ್ಯಾ?"

ನಗಲು ಹೋಗಿ ಅವಳ ಕಣ್ಣು ತುಂಬಿತು. ಎಲ್ಲವನ್ನೂ ಹೇಳಿದಳು.

"ಒಂದು ಮೀನಿಗೆ ಇಷ್ಟೊಂದು ಒದ್ದಾಟನಾ?"

"ಮೀನಲ್ಲ ಭಾವ, ಹಾಲೂಡಿಸೋ ಜೀವ. ಅದೇ ಹೋಗಿದ್ರೆ ಮರಿಗೆ ಯಾರು?"

ಭಾವ ಮೆಲ್ಲಗೆ, "ಬೆಳಗ್ಗೆ ದೋಣಿ ತೆಗೀತೀನಿ ಬಾ. ಹತ್ತಿರ ಹೋಗಿ ಕಣ್ಣಾರೆ ನೋಡ್ಕೊಂಡ್ ಬರೋಣ," ಎಂದ.

ಅವಳು ಎದ್ದೇ ನಿಂತಳು. ಕಿಟಕಿಯಾಚೆಯ ಬಿಳಿ ಮಂಜನ್ನೊಮ್ಮೆ ನೋಡಿ ಮತ್ತೆ ಕೂತಳು.

"ಬೇಡ ಭಾವ. ಇಂಜಿನ್ ಸದ್ದಿಗೆ ತಾಯಿ ಒಂದು ಕಡೆ, ಮರಿ ಒಂದು ಕಡೆ ಆಗೋದುಂಟು. ಅದು ಬದುಕಿದ್ರೆ ನಾನೇ ಹೋಗಿ ಅಗಲಿಸಿದ ಹಾಗಾಗುತ್ತೆ."

"ಮತ್ತೆ ಗೊತ್ತಾಗೋದು ಹೇಗೆ?"

"ಗೊತ್ತಾಗದಿದ್ರೂ ಇರ್ಲಿ. ಆ ಶರ್ಟು ತೆಗೆದು ಕೊಡಿ, ಜೇಬು ಬಿಚ್ಚಿ ಎಡಗಡೆ ಹಾಕ್ತೀನಿ."