ಹೂಮಳೆ ಬಂದ ಮೇಲೆ ನೋಡಣ

ನನ್ನದು ಅನುಮಾನದ ಬುದ್ಧಿ. ಅಂಗಡಿಯವನು ತೂಕ ಹಾಕುವಾಗ ನಾನು ಬೇಳೆ ನೋಡುವುದಿಲ್ಲ, ಅವನ ಬೆರಳು ನೋಡುತ್ತೇನೆ. ಇಂಥವಳ ಗಂಡ ಒಂದು ಕೆಲಸವನ್ನು ತಿಂಗಳುಗಟ್ಟಲೆ ಮುಂದೂಡಿದರೆ ನಾನು ಸುಮ್ಮನಿರುವುದು ಹೇಗೆ?

ಕೊಡ್ಲಿಪೇಟೆ ಹತ್ತಿರ ನಮ್ಮದು ಮೂರು ಎಕರೆ ಅರೇಬಿಕಾ ತೋಟ. ಅರೇಬಿಕಾಕ್ಕೆ ದೊಡ್ಡ ಶತ್ರು ಬೋರರ್, ಅಂದರೆ ಕಾಂಡ ಕೊರೆಯುವ ಹುಳು. ಕೊಯ್ಲು ಮುಗಿದ ಮೇಲೆ, ಹುಳು ದುಂಬಿಯಾಗಿ ಹಾರುವ ಮೊದಲು, ಗಿಡಗಿಡವನ್ನೂ ಬಗ್ಗಿ ನೋಡಬೇಕು. ಕಾಂಡದ ಮೇಲೆ ಬಳೆಯಂತೆ ಉಬ್ಬು ಎದ್ದಿದ್ದರೆ ಆ ಗಿಡವನ್ನು ಕಿತ್ತು ಸುಡಬೇಕು. ಈ ವರ್ಷ ಒಂದು ಬಿಟ್ಟರೆ ಮುಂದಿನ ವರ್ಷ ಹತ್ತು. ನೋಡದೇ ಬಿಟ್ಟರೆ ತೋಟವೇ ಉಳಿಯುವುದಿಲ್ಲ. ಈ ಕೆಲಸದಲ್ಲಿ ನಮ್ಮ ಮನೆಯವರನ್ನು ಮೀರಿಸುವವರು ಸುತ್ತಮುತ್ತ ಇರಲಿಲ್ಲ. ಅಕ್ಕಪಕ್ಕದ ತೋಟದವರೂ ಅವರನ್ನೇ ಕರೆದುಕೊಂಡು ಹೋಗುತ್ತಿದ್ದರು. ಅವರು ನಡೆಯುತ್ತಲೇ "ಇದು, ಅದು, ಆಚೆದು" ಎಂದು ಕೋಲು ತೋರಿಸಿದರೆ, ಹಿಂದೆ ಬರುವ ಆಳುಗಳು ಗುರುತಿಗೆ ಬಾಳೆಪಟ್ಟೆ ಕಟ್ಟುತ್ತಿದ್ದರು.

ಅಂಥವರು ಹೋದ ವರ್ಷ ಫೆಬ್ರವರಿ ಮುಗಿದರೂ ತೋಟದ ಕಡೆ ತಲೆ ಹಾಕಲಿಲ್ಲ.

"ರೀ, ಬೋರರ್ ಯಾವಾಗ ನೋಡೋದು?"

"ಹೂಮಳೆ ಬರ್ಲಿ ಕಣೆ, ಆಮೇಲೆ ನೋಡಣ."

ಕಾಫಿ ಹೂ ಅರಳಿಸುವ ಆ ಮಳೆಯೂ ಬಂತು. "ಹೂ ಬಿಟ್ಟೈತೆ, ಈಗ ಗಿಡದ ಮೈ ಮುಟ್ಟಬಾರ್ದು" ಎಂದರು. ಹೂ ಉದುರಿತು. ಕತ್ತಿ ಮೊಂಡಾಗಿದೆ ಎಂದರು. ಕತ್ತಿ ಹರಿತವಾಯಿತು. ಆಳು ಸಿಗುತ್ತಿಲ್ಲ ಎಂದರು. ಆಳುಗಳೂ ಬಂದರು, ಅವರನ್ನು ಬೇಲಿ ಕೆಲಸಕ್ಕೆ ಕಳಿಸಿದರು.

ಸೋಮಾರಿತನ ಎನ್ನೋಣವೆಂದರೆ ಮನುಷ್ಯ ಒಂದು ಗಳಿಗೆ ಕೂರುತ್ತಿರಲಿಲ್ಲ. ಎರಡು ವರ್ಷದಿಂದ ಕಿರುಗುಟ್ಟುತ್ತಿದ್ದ ಬಾಗಿಲಿಗೆ ಎಣ್ಣೆ ಬಿಟ್ಟರು. ನೀರಿನ ಟ್ಯಾಂಕ್ ತೊಳೆದರು. ನಾನು ಕೇಳದೆಯೇ ಗ್ಯಾಸ್ ಒಲೆಯ ಬರ್ನರ್ ಬಿಚ್ಚಿ ಉಜ್ಜಿಕೊಟ್ಟರು. ಆಗಲೇ ನನ್ನ ಕಿವಿ ನೆಟ್ಟಗಾಗಿದ್ದು. ಸೋಮಾರಿಯಾದವನು ಎಲ್ಲ ಕೆಲಸವನ್ನೂ ತಪ್ಪಿಸುತ್ತಾನೆ. ಒಂದೇ ಕೆಲಸ ತಪ್ಪಿಸಿಕೊಳ್ಳಲು ಹತ್ತು ಕೆಲಸ ಮಾಡುವವನ ಹೊಟ್ಟೆಯಲ್ಲಿ ಏನೋ ಇರುತ್ತದೆ.

ಏನಿದೆ ಎಂದು ನಾನೇ ತೀರ್ಮಾನವನ್ನೂ ಮಾಡಿಬಿಟ್ಟೆ. ಜನವರಿಯಲ್ಲಿ ಯಾರೋ ಒಬ್ಬ ಕಾರಿನಲ್ಲಿ ಬಂದು, ಹೋಂಸ್ಟೇ ಕಟ್ಟಲು ಜಾಗ ಬೇಕೆಂದು ಗೇಟಿನ ಹತ್ತಿರ ಅರ್ಧ ಗಂಟೆ ಮಾತಾಡಿದ್ದ. "ಆಗಲ್ಲ ಅಂದೆ" ಎಂದು ಇವರು ಒಳಗೆ ಬಂದಿದ್ದರು. ಆಗಲ್ಲ ಎನ್ನಲು ಅರ್ಧ ಗಂಟೆ ಬೇಕೇ? ಗಿಡಗಳು ತಾವಾಗಿಯೇ ಒಣಗಿದರೆ, ಕೊಟ್ಟುಬಿಡಿ ಎಂದು ನಾನೇ ಹೇಳುತ್ತೇನೆ ಎಂಬ ಲೆಕ್ಕಾಚಾರ ಇರಬೇಕು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಅವರು ಸ್ನಾನಕ್ಕೆ ಹೋದಾಗ ಮೊಬೈಲ್ ತಡಕಿದೆ, ಏನೂ ಸಿಗಲಿಲ್ಲ. ಅಂಗಿ ಜೇಬಿನಲ್ಲಿ ಬೆರಳುದ್ದದ ಟಾರ್ಚ್ ಸಿಕ್ಕಿತು. ಕತ್ತಲಾದ ಮೇಲೆ ಹೊಸ್ತಿಲು ದಾಟದ ಗಂಡಸಿಗೆ ಟಾರ್ಚ್ ಯಾಕೆ? ಅದೂ ಲೆಕ್ಕಕ್ಕೆ ಸೇರಿತು.

ಮೊಬೈಲಿನಲ್ಲಿ ಯಾರೋ ಒಬ್ಬಳು, ಕೆಲಸ ಮುಂದೂಡುವವರು ಬರೀ ಐದು ನಿಮಿಷಕ್ಕೆಂದು ಶುರು ಮಾಡಿದರೆ ಸಾಕು ಎಂದು ಬುದ್ಧಿ ಹೇಳುತ್ತಿದ್ದಳು. ಅದನ್ನು ಅವರ ಕಿವಿಗೆ ಬೀಳಲೆಂದು ಜೋರಾಗಿ ಹಾಕಿದೆ. ಅವರು ಎದ್ದು ಹೋಗಿ ಕೋಳಿಗೂಡಿನ ಜಾಲರಿ ಬಿಗಿದರು.

ಏಪ್ರಿಲ್ ಶುರುವಿನಲ್ಲಿ ಒಂದು ದಿನ ಬೆಳಿಗ್ಗೆ ಹತ್ತರ ಹೊತ್ತಿಗೆ, ಅವರು ಕೊಟ್ಟಿಗೆಯ ಹಿಂದಿನಿಂದ ಒಬ್ಬರೇ ತೋಟಕ್ಕೆ ಇಳಿದದ್ದು ಕಂಡಿತು. ಚಪ್ಪಲಿ ಬಿಟ್ಟು ಹಿಂದೆಯೇ ಹೋದೆ. ಹೋಂಸ್ಟೇಯವನ ಜೊತೆ ಜಾಗ ಅಳೆಯುವಾಗಲೇ ಹಿಡಿಯಬೇಕೆಂದು ಹೋದವಳಿಗೆ ಅಲ್ಲಿ ಬೇರೆ ಯಾರೂ ಕಾಣಲಿಲ್ಲ. ಇವರು ಒಂದು ಗಿಡದ ಬುಡದಲ್ಲಿ ಕುಕ್ಕರಗಾಲಿನಲ್ಲಿ ಕೂತು, ಹಾಡಹಗಲಲ್ಲಿ ಟಾರ್ಚ್ ಬಿಟ್ಟುಕೊಂಡು, ಮೂಗು ತಾಗುವಷ್ಟು ಹತ್ತಿರದಿಂದ ಕಾಂಡ ನೋಡುತ್ತಿದ್ದರು. ನೋಡಿ ಎದ್ದು ಮುಂದಿನ ಗಿಡಕ್ಕೆ ಹೋದರು. ಅವರು ಬಿಟ್ಟುಹೋದ ಗಿಡದ ಉಬ್ಬು ನಾನು ನಿಂತಲ್ಲಿಗೇ ಕಾಣುತ್ತಿತ್ತು.

"ಅದ್ರಲ್ಲಿ ಐತಲ್ರೀ!" ಎಂದೆ.

ಬೆಚ್ಚಿ ಟಾರ್ಚನ್ನು ಜೇಬಿಗೆ ಹಾಕಿಕೊಂಡರು. ತಿರುಗಿ ಬಂದು ಬಗ್ಗಿದರು. ತುಂಬ ಹೊತ್ತು ನೋಡಿದರು.

"ಕಾಣ್ತಿಲ್ಲ ಕಣೆ" ಎಂದರು. "ಹೋದ್ಸಲನೂ ಸರಿಯಾಗಿ ಕಾಣ್ಲಿಲ್ಲ. ಪಕ್ಕದ ತೋಟದಲ್ಲೂ ಅಂದಾಜಿನ ಮೇಲೆ ಕೋಲು ತೋರಿಸ್ಬಿಟ್ಟೆ. ಈ ಸಲ ಹಿಂದೆ ಬರೋ ಆಳುಗಳಿಗೆ ಗೊತ್ತಾಗೋಗ್ತದೆ."

ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಮನುಷ್ಯ ಹೆದರಿದ್ದು ಕೆಲಸಕ್ಕಲ್ಲ, ಕೆಲಸ ಮಾಡುವಾಗ ನೋಡುವ ಕಣ್ಣುಗಳಿಗೆ. ಇದಕ್ಕೆ ಐದು ನಿಮಿಷದ ಉಪದೇಶ ಏನು ಮಾಡೀತು?

"ಆಳು ಬ್ಯಾಡ. ನಾನಿದೀನಲ್ಲ, ಒಂದೇ ಸಾಲು ನೋಡಣ ಬನ್ನಿ" ಎಂದೆ.

ನಾನು ನೋಡಿ ಹೇಳಿದೆ, ಅವರು ಹೆಬ್ಬೆರಳಿನಿಂದ ಸವರಿ ಹೌದು ಅಲ್ಲ ಎಂದರು. ನಾನು ಬೋರರ್ ಎಂದ ಕೆಲವು ಬರೀ ಹಳೇ ಗಾಯವಾಗಿದ್ದವು. ಅವರ ಬೆರಳಿಗೆ ಅದು ತಿಳಿಯುತ್ತಿತ್ತು. ಒಂದು ಸಾಲು ಆ ದಿನವೇ ನಾಲ್ಕಾಯಿತು. ಎರಡು ವಾರದಲ್ಲಿ ಮೂರೂ ಎಕರೆ ಮುಗಿಸಿದೆವು. ಹಿಂದೆಂದೂ ಕೀಳದಷ್ಟು ಗಿಡ ಕಿತ್ತೆವು, ಆದರೂ ತೋಟ ಉಳಿಯಿತು. ಇವರು ಪಕ್ಕದ ತೋಟದವರ ಹತ್ತಿರವೂ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಯಾರೂ ನಗಲಿಲ್ಲ.

ಅದು ಮುಗಿದ ವಾರವೇ ಮಡಿಕೇರಿಯ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಕಣ್ಣೊಳಗಿನ ಒತ್ತಡ ಏರಿ ನರ ಸೊರಗಿದೆ ಎಂದರು. ಬಲಗಣ್ಣಿನ ದೃಷ್ಟಿ ಹೋದದ್ದು ಹೋಯಿತು, ವಾಪಸು ಬರುವುದಿಲ್ಲ, ಎಡಗಣ್ಣಿಗೆ ದಿನವೂ ಔಷಧಿ ಬಿಟ್ಟು ಉಳಿಸಿಕೊಳ್ಳಬೇಕು ಎಂದರು.

"ಇದು ಇವತ್ತು ನಿನ್ನೆದಲ್ಲ. ಮನೇಲಿ ಯಾರೂ ಗಮನಿಸ್ಲಿಲ್ವಾ?"

"ಇಲ್ಲ ಸಾರ್. ಯಾರ್ಗೂ ಗೊತ್ತಾಗ್ದಂಗೆ ಇದ್ದೆ" ಎಂದರು ಇವರು. ದನಿಯಲ್ಲಿ ಸಣ್ಣ ಹೆಮ್ಮೆಯೇ ಇತ್ತು.

ನಾನು ಸುಮ್ಮನಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

"ಹಿಂದಿನ ವರ್ಷದ ಕೊಯ್ಲಿಂದ ಹಿಂಗೇ ಸಾರ್" ಎಂದೆ. "ಗಿಡದ ಬಲಗಡೆ ಹಣ್ಣೆಲ್ಲ ಹಂಗೇ ಬಿಟ್ಟು ಮುಂದೆ ಹೋಗೋರು. ಹಿಂದೆ ಬಂದು ನಾನು ಕೊಯ್ಕೊಂತಿದ್ದೆ."

ಇವರು ಇಡೀ ತಲೆ ತಿರುಗಿಸಿ ನನ್ನನ್ನು ನೋಡಿದರು.

"ಗೊತ್ತಿತ್ತಾ ನಿಂಗೆ? ಮತ್ತೆ ಯಾಕೆ ಕೇಳ್ಲಿಲ್ಲ?"

"ಕೇಳಿದ್ರೆ ನೀವು ಹೌದು ಅಂದ್ಬಿಡ್ತಿದ್ರಲ್ಲ" ಎಂದೆ.